ಮಂಡ್ಯ ಜಿಲ್ಲೆಯ ಆಲೆಮನೆಗಳು ಮತ್ತು ಬೆಲ್ಲದ ಪ್ರವಾಸೋದ್ಯಮ

ಆಲೆಮನೆ ಎಂಬುದು ಕಬ್ಬಿನ ರಸವನ್ನು ತೆರೆದ ಕೊಪ್ಪರಿಗೆಯಲ್ಲಿ ಕುದಿಸಿ ಬೆಲ್ಲ ತಯಾರಿಸುವ ಗ್ರಾಮೀಣ ಕಿರು ಉದ್ಯಮವಾಗಿದೆ. ಕರ್ನಾಟಕದ ಮಂಡ್ಯ ಜಿಲ್ಲೆಯು ಈ ಉದ್ಯಮದ ಪ್ರಮುಖ ನೆಲೆಗಳಲ್ಲಿ ಒಂದು. ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಯೋಜನೆಯಡಿ ‘ಒಂದು ಜಿಲ್ಲೆ ಒಂದು ಉತ್ಪನ್ನ’ಕ್ಕಾಗಿ ಮಂಡ್ಯ ಜಿಲ್ಲೆಗೆ ಬೆಲ್ಲವನ್ನೇ ಆರಿಸಲಾಗಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ (ಕೆ.ಆರ್. ಪೇಟೆ) ಮತ್ತು ನಾಗಮಂಗಲ ತಾಲ್ಲೂಕುಗಳಿಗೆ ಯಾತ್ರಿಕರೂ ಪ್ರವಾಸಿಗರೂ ವರ್ಷವಿಡೀ ಬರುತ್ತಾರೆ. ಆದರೂ ಇಲ್ಲಿನ ಬೆಲ್ಲವು ಈ ಜನಸಂಚಾರದಿಂದ ಪಡೆದ ಲಾಭ ಅತ್ಯಲ್ಪ. ಸಣ್ಣ ಪ್ರಮಾಣದ ಸ್ಥಳೀಯ ತಯಾರಿಕೆಗಳು ಹಬ್ಬ ಮತ್ತು ಪ್ರವಾಸದ ಮೂಲಕ ಹೆಸರು ಗಳಿಸುವ ಬಗೆಯನ್ನು ಇತರ ಉದಾಹರಣೆಗಳೊಡನೆ ಹೋಲಿಸಿ, ಮಂಡ್ಯದ ಸ್ಥಿತಿಯನ್ನು ಈ ಲೇಖನವು ಪರಿಶೀಲಿಸುತ್ತದೆ.

ಹಿನ್ನೆಲೆ

ಕಾವೇರಿ ನದಿಗೆ ಕಟ್ಟಿದ ಕೃಷ್ಣರಾಜಸಾಗರ ಅಣೆಕಟ್ಟೆ ಮತ್ತು ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆ (ಮೊದಲಿನ ಹೆಸರು ಇರ್ವಿನ್ ನಾಲೆ) 1930ರ ದಶಕದಲ್ಲಿ ಮಂಡ್ಯದ ಬೇಸಾಯದ ಸ್ವರೂಪವನ್ನೇ ಬದಲಿಸಿದವು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ (ಮೈಷುಗರ್) ಸ್ಥಾಪನೆಯಾಯಿತು. ಆದರೆ ಈ ಸೀಮೆಯ ಬೆಲ್ಲ ಅದಕ್ಕಿಂತ ಬಹಳ ಹಳೆಯದು. ಶ್ರೀರಂಗಪಟ್ಟಣದ ಸಮೀಪದ ಪಾಲಹಳ್ಳಿಯಲ್ಲಿ 1847ರಲ್ಲಿ ‘ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ’ ಆರಂಭವಾಗಿತ್ತು. ಅದು ಕಬ್ಬನ್ನು ಅರೆಯುವ ಬದಲು ಸುತ್ತಲಿನ ರೈತರು ತಯಾರಿಸಿದ ಬೆಲ್ಲವನ್ನು ಕೊಂಡು, ಶುದ್ಧೀಕರಿಸಿ, ಸಕ್ಕರೆ ಮಾಡುತ್ತಿತ್ತು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಈ ಕಾರ್ಖಾನೆಯ ಹರಳು ಸಕ್ಕರೆಗೆ ಪದಕ ದೊರೆಯಿತು. ಪಾಲಹಳ್ಳಿಯ ಸುತ್ತಿನ ಬೆಲ್ಲವು ಹೀಗೆ ಒಂದು ಜಾಗತಿಕ ಉತ್ಸವದವರೆಗೆ ಪಯಣಿಸಿದರೂ ಅಲ್ಲಿ ಮೆರೆದದ್ದು ಸಕ್ಕರೆಯಾಗಿ, ಕಾರ್ಖಾನೆಯ ಹೆಸರಿನಲ್ಲಿ ಎಂಬುದು ಗಮನಾರ್ಹ.

ಸಕ್ಕರೆ ಕಾರ್ಖಾನೆಗಳ ಏಳುಬೀಳು ಆಲೆಮನೆಗಳ ಭವಿಷ್ಯದೊಡನೆ ಹೆಣೆದುಕೊಂಡಿದೆ. ಪಾಂಡವಪುರ ಸಹಕಾರ ಸಕ್ಕರೆ ಕಾರ್ಖಾನೆಯು ನಷ್ಟದಿಂದ ಸ್ಥಗಿತಗೊಂಡು, 2020ರಲ್ಲಿ 40 ವರ್ಷಗಳ ಅವಧಿಗೆ ನಿರಾಣಿ ಸಮೂಹಕ್ಕೆ ಗುತ್ತಿಗೆಗೆ ಹೋಯಿತು. ಮೈಷುಗರ್ ಕೂಡ ಹಲವು ವರ್ಷ ನಿಂತಿದ್ದು, 2022ರಲ್ಲಿ ಸರ್ಕಾರಿ ಸ್ವಾಮ್ಯದಲ್ಲೇ ಮರುಚಾಲನೆ ಪಡೆಯಿತು. ಕಾರ್ಖಾನೆಗಳು ನಿಂತಾಗ, ಅಥವಾ ಬಾಕಿ ಹಣ ಕೊಡಲು ತಡಮಾಡಿದಾಗ, ರೈತರು ಕಬ್ಬನ್ನು ಸಮೀಪದ ಆಲೆಮನೆಗೆ ಸಾಗಿಸುತ್ತಾರೆ. ಕಾರ್ಖಾನೆಗಳು ಕೇಂದ್ರ ಸರ್ಕಾರ ನಿಗದಿಪಡಿಸಿದ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆಗೆ (ಎಫ್‌ಆರ್‌ಪಿ) ಬದ್ಧವಾಗಿವೆ. 2024–25ರ ಹಂಗಾಮಿಗೆ ಇದು ಕ್ವಿಂಟಲ್‌ಗೆ 340 ರೂಪಾಯಿ ಆಗಿತ್ತು. ಆಲೆಮನೆಗೆ ಅಂತಹ ಕಟ್ಟುಪಾಡು ಇಲ್ಲ. ಹಣ ಬೇಗ ಕೈಸೇರುತ್ತದೆಂಬುದೇ ಅದರ ಆಕರ್ಷಣೆ. ಬೆಲ್ಲದ ಧಾರಣೆ ಕುಸಿದಾಗ ಕಬ್ಬಿನ ಬೆಲೆಯೂ ಕುಸಿಯುವುದು ಅದರ ಅಪಾಯ.

ನಾಲ್ಕು ತಾಲ್ಲೂಕುಗಳೂ ಒಂದೇ ಬಗೆಯವಲ್ಲ. ಶ್ರೀರಂಗಪಟ್ಟಣ ಮತ್ತು ಪಾಂಡವಪುರಗಳಲ್ಲಿ ನಾಲೆಯ ನೀರಿನಿಂದ ಕಬ್ಬು ಸಮೃದ್ಧ. ಕೆ.ಆರ್. ಪೇಟೆಯ ಒಂದು ಭಾಗಕ್ಕೆ ಹೇಮಾವತಿಯ ಆಸರೆ ಇದ್ದು, ಅಲ್ಲಿನ ಮಾಕವಳ್ಳಿಯಲ್ಲಿ ಖಾಸಗಿ ಸಕ್ಕರೆ ಕಾರ್ಖಾನೆಯೂ ಇದೆ. ನಾಗಮಂಗಲ ಹೆಚ್ಚಾಗಿ ಮಳೆಯಾಶ್ರಿತ. ರಾಗಿ ಮತ್ತು ತೆಂಗು ಅಲ್ಲಿನ ಮುಖ್ಯ ಬೆಳೆಗಳು.

ತಯಾರಿಕೆ ಮತ್ತು ಬಣ್ಣದ ಬೆಲೆ

ಗಾಣದಲ್ಲಿ ಅರೆದ ಕಬ್ಬಿನ ರಸವನ್ನು ಶೋಧಿಸಿ ಕೊಪ್ಪರಿಗೆಗೆ ಹಾಯಿಸಲಾಗುತ್ತದೆ. ರಸ ಹಿಂಡಿ ಉಳಿದ ಸಿಪ್ಪೆಯನ್ನು ಒಣಗಿಸಿ ಒಲೆಗೆ ಉರುವಲಾಗಿ ಬಳಸುತ್ತಾರೆ. ಹೊರಗಿನ ಇಂಧನದ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. ಕುದಿಯುವಾಗ ಮೇಲೇಳುವ ಕಲ್ಮಶವನ್ನು ತೆಗೆಯಲು ಸುಣ್ಣವನ್ನೂ, ಸಾಂಪ್ರದಾಯಿಕವಾಗಿ ಬೆಂಡೆಗಿಡದ ಲೋಳೆಯನ್ನೂ ಬಳಸಲಾಗುತ್ತದೆ. ನೊರೆ ಉಕ್ಕದಂತೆ ಹರಳೆಣ್ಣೆಯ ಕೆಲವು ಹನಿಗಳನ್ನು ಹಾಕುವುದುಂಟು. ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಕೆಳಗಿಳಿಸಿ, ಆರಿಸಿ, ಅಚ್ಚಿಗೆ ಹಾಕುತ್ತಾರೆ ಅಥವಾ ಉಂಡೆ ಕಟ್ಟುತ್ತಾರೆ. ಒಂದು ಟನ್ ಕಬ್ಬಿನಿಂದ ಸುಮಾರು 100 ಕೆ.ಜಿ. ಬೆಲ್ಲ ದೊರೆಯುತ್ತದೆ. ಪಾಕದ ಹದವನ್ನು ಅನುಭವಿ ಕೆಲಸಗಾರರು ತಣ್ಣೀರಿನಲ್ಲಿ ಅದ್ದಿ ಬೆರಳಿನಿಂದಲೇ ತಿಳಿಯುತ್ತಾರೆ. ಈ ಕುಶಲ ಕೆಲಸಕ್ಕೆ ಇಂದು ಅನೇಕ ಆಲೆಮನೆಗಳು ಉತ್ತರ ಪ್ರದೇಶ ಮತ್ತು ಬಿಹಾರದಿಂದ ಬಂದ ಕಾರ್ಮಿಕರನ್ನು ಅವಲಂಬಿಸಿವೆ.

ಮಂಡ್ಯದ ಕೃಷಿ ಉತ್ಪನ್ನ ಮಾರುಕಟ್ಟೆಯು ರಾಜ್ಯದ ಪ್ರಮುಖ ಬೆಲ್ಲದ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿ ಬೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಆಕಾರ ಮತ್ತು ಬಣ್ಣ. ತಿಳಿಹಳದಿ ಬೆಲ್ಲಕ್ಕೆ ಹೆಚ್ಚು ಬೆಲೆ, ಕಂದು ಬೆಲ್ಲಕ್ಕೆ ಕಡಿಮೆ. ‘ಹೈಡ್ರೋಸ್’ ಎಂದು ಕರೆಯಲಾಗುವ ಸೋಡಿಯಂ ಹೈಡ್ರೋಸಲ್ಫೈಟ್ ಬಳಸಿ ಬಣ್ಣ ತಿಳಿಗೊಳಿಸುವ ಪದ್ಧತಿ ಬೆಳೆದದ್ದು ಇದರಿಂದಲೇ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ದಶಲಕ್ಷಕ್ಕೆ 70 ಭಾಗವನ್ನು ಮೀರಬಾರದೆಂಬುದು ಆಹಾರ ಸುರಕ್ಷತೆಯ ನಿಯಮ. ಸಕ್ಕರೆಯ ಕಲಬೆರಕೆಯ ದೂರುಗಳೂ ಪದೇಪದೇ ಕೇಳಿಬರುತ್ತವೆ. ತಪ್ಪನ್ನೆಲ್ಲ ಆಲೆಮನೆಯವರ ಮೇಲೆಯೇ ಹೊರಿಸುವುದು ವಾಡಿಕೆಯಾಗಿದ್ದರೂ ಅದು ಅರ್ಧಸತ್ಯ. ಯಾವ ಊರಿನ, ಯಾವ ಗಾಣದ ಬೆಲ್ಲವೆಂದು ಕೊಳ್ಳುವವರಿಗೆ ತಿಳಿಯದ ಮಾರುಕಟ್ಟೆಯಲ್ಲಿ ಕಣ್ಣಿಗೆ ಕಾಣುವ ಬಣ್ಣವೊಂದೇ ಗುಣದ ಅಳತೆಗೋಲಾಗುತ್ತದೆ.

ಹೋಲಿಕೆ: ಬೆಂಗಳೂರಿನ ಮೈಕ್ರೊಬ್ರೂವರಿಗಳು

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನೂರು ಕಿಲೋಮೀಟರಿನಷ್ಟು ದೂರದ ಬೆಂಗಳೂರಿನಲ್ಲೇ ಇದೆ. 2010ರ ಆಸುಪಾಸಿನಿಂದ ಅಲ್ಲಿ ಬೆಳೆದ ಮೈಕ್ರೊಬ್ರೂವರಿಗಳು, ಅಂದರೆ ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸಿ ಅಲ್ಲಿಯೇ ಬಡಿಸುವ ಘಟಕಗಳು, ತಮ್ಮ ಬಿಯರನ್ನು ಬಾಟಲಿಯಲ್ಲಿ ತುಂಬಿ ಅಂಗಡಿಗಳಿಗೆ ಕಳುಹಿಸುವಂತಿಲ್ಲ. ತಯಾರಾದ ಸ್ಥಳದಲ್ಲಿಯೇ ಅದರ ಸೇವನೆಯಾಗಬೇಕೆಂಬುದು ಅಬಕಾರಿ ನಿಯಮ. ಕೋವಿಡ್ ಲಾಕ್‌ಡೌನ್‌ನಿಂದ ದಾಸ್ತಾನು ಕೆಡುವ ಸ್ಥಿತಿ ಬಂದಾಗ, 2020ರ ಮೇ ತಿಂಗಳಲ್ಲಿ ಪಾತ್ರೆಗಳಲ್ಲಿ ಕೊಂಡೊಯ್ಯಲು ತಾತ್ಕಾಲಿಕ ಅನುಮತಿ ನೀಡಲಾಯಿತು. ಉತ್ಸವವೊಂದರಲ್ಲಿ ಮದ್ಯ ಮಾರಲು ಪ್ರತ್ಯೇಕವಾದ ಸಾಂದರ್ಭಿಕ ಸನ್ನದು (ಸಿಎಲ್–5) ಬೇಕು.

ಪ್ರಯಾಣ ಮಾಡಲಾಗದ ಈ ಪಾನೀಯದ ಬಳಿಗೆ ಜನರೇ ಪ್ರಯಾಣ ಮಾಡಿದರು. ತಯಾರಿಕೆಯ ತೊಟ್ಟಿಗಳು ಗಾಜಿನ ಹಿಂದೆ ಕಾಣುವಂತಿರುವುದು, ತಯಾರಿಸಿದವರನ್ನು ಮಾತನಾಡಿಸಬಹುದಾಗಿರುವುದು, ಮಾವು ಅಥವಾ ಕಾಫಿಯಂಥ ಸ್ಥಳೀಯ ಬೆಳೆಗಳ ರುಚಿ ಸೇರಿಸಿರುವುದು ಇವೆಲ್ಲ ಒಟ್ಟಾಗಿ ಪ್ರತಿ ಘಟಕಕ್ಕೂ ಒಂದು ಹೆಸರು ತಂದವು. ಬೆಲ್ಲದ ವಿಷಯದಲ್ಲಿ ಆದದ್ದು ಇದರ ತಿರುವು: ಅದು ಯಾವ ಅಬಕಾರಿ ತಡೆಯೂ ಇಲ್ಲದೆ ಲಾರಿಯೇರಿ ರಾಜ್ಯದ ಹೊರಗೂ ಹೋಗುತ್ತದೆ, ಹೋಗುವ ದಾರಿಯಲ್ಲಿ ಊರಿನ ಹೆಸರನ್ನು ಕಳೆದುಕೊಳ್ಳುತ್ತದೆ. ಬಂಡವಾಳದಲ್ಲಿ ಇವೆರಡಕ್ಕೂ ಹೋಲಿಕೆಯಿಲ್ಲ ಎಂಬುದು ನಿಜ. ಬೆಂಗಳೂರಿನ ಘಟಕಗಳ ಗಿರಾಕಿ ಸಂಜೆಯ ಬಿಡುವಿರುವ ಸಂಬಳದಾರ. ಆಲೆಮನೆಯ ಗಿರಾಕಿ ಮಂಡಿಯ ವರ್ತಕ.

ಮಲೆನಾಡಿನ ಆಲೆಮನೆ ಹಬ್ಬ

ಬೆಲ್ಲಕ್ಕೂ ಹಬ್ಬದ ದಾರಿ ಇದೆಯೆಂಬುದನ್ನು ಶಿರಸಿ, ಸಿದ್ದಾಪುರ, ಸಾಗರ ಸೀಮೆಗಳು ತೋರಿಸಿವೆ. ಅಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಗಾಣ ಹೂಡಿದಾಗ ನೆಂಟರನ್ನು, ನೆರೆಹೊರೆಯವರನ್ನು ಕಬ್ಬಿನ ಹಾಲು ಕುಡಿಯಲು ಕರೆಯುವುದು ಹಳೆಯ ರೂಢಿ. ಈ ರೂಢಿಯೇ ಈಚಿನ ದಶಕಗಳಲ್ಲಿ ‘ಆಲೆಮನೆ ಹಬ್ಬ’ ಎಂಬ ಸಾರ್ವಜನಿಕ ಕಾರ್ಯಕ್ರಮವಾಗಿ ಬೆಳೆದಿದೆ. ಕೋಣಗಳಿಂದ ತಿರುಗಿಸುವ ಗಾಣ, ಮಂಡಕ್ಕಿ–ಮಿರ್ಚಿಯ ಜೊತೆಗೆ ಕಬ್ಬಿನ ಹಾಲು, ಜೋನಿ ಬೆಲ್ಲ, ತೊಡೆದೇವು ಇವು ಅಲ್ಲಿನ ಆಕರ್ಷಣೆಗಳು. ಬಂದವರು ಬೆಲ್ಲ ಕುದಿಯುವುದನ್ನು ನೋಡಿ, ಅದನ್ನೇ ಡಬ್ಬಿಯಲ್ಲಿ ಕೊಂಡು ಹೋಗುತ್ತಾರೆ. ಕೇರಳದ ಮರಯೂರು ಇನ್ನೊಂದು ಉದಾಹರಣೆ. ಮುನ್ನಾರಿನ ಪ್ರವಾಸಿಗರ ದಾರಿಯಲ್ಲಿರುವ ಆ ಊರಿನ ಕಡುಬಣ್ಣದ ಬೆಲ್ಲಕ್ಕೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಕೊಲ್ಹಾಪುರದ ಬೆಲ್ಲ ಇದನ್ನು 2014ರಲ್ಲಿಯೇ ಪಡೆದಿತ್ತು.

ಮಲೆನಾಡಿನಲ್ಲಿ ಕಬ್ಬು ಅಡಿಕೆಯ ಜೊತೆಗಿನ ಸಣ್ಣ ಬೆಳೆ. ಆಲೆಮನೆ ಕೆಲವು ದಿನಗಳ ಸಂಭ್ರಮ. ಮಂಡ್ಯದಲ್ಲಿ ಅದು ವರ್ಷದ ಬಹುಭಾಗ ನಡೆಯುವ ದುಡಿಮೆ. ಹೊಗೆ, ಬಿಸಿ ಪಾಕ, ರಾತ್ರಿಪಾಳಿ ಇರುವೆಡೆಗೆ ಪ್ರವಾಸಿಗರನ್ನು ಕರೆಯುವುದು ಸುಲಭವಲ್ಲ. ಊರಾಚೆ ಗದ್ದೆಗಳ ನಡುವೆ ಇರುವ ಇವುಗಳ ಕಡೆಗೆ ಸಾರ್ವಜನಿಕರ ಗಮನವೂ ಕಡಿಮೆ. 2023ರ ಕೊನೆಯಲ್ಲಿ ಮಂಡ್ಯ ಸಮೀಪದ ಆಲೆಮನೆಯೊಂದರಲ್ಲಿ ಅಕ್ರಮ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದಾಗ ‘ಆಲೆಮನೆ’ ಎಂಬ ಪದವು ರಾಜ್ಯದ ಸುದ್ದಿಯಾದದ್ದು ಬೆಲ್ಲಕ್ಕೆ ಸಂಬಂಧವೇ ಇಲ್ಲದ ಕಾರಣಕ್ಕೆ.

ಜಿಲ್ಲೆಯ ಜಾತ್ರೆ ಮತ್ತು ಉತ್ಸವಗಳು

ನಾಲ್ಕು ತಾಲ್ಲೂಕುಗಳಲ್ಲಿ ಉತ್ಸವಗಳ ಕೊರತೆಯಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ವೈರಮುಡಿ, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಜಾತ್ರೆ, ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆ ಮತ್ತು ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವ ಶ್ರೀರಂಗಪಟ್ಟಣದ ದಸರಾ ಮುಖ್ಯವಾದವು. 2022ರ ಅಕ್ಟೋಬರ್‌ನಲ್ಲಿ ಕೆ.ಆರ್. ಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಯ ತ್ರಿವೇಣಿ ಸಂಗಮದಲ್ಲಿ ಕುಂಭಮೇಳವೂ ನಡೆಯಿತು. ವೈರಮುಡಿ ಬರುವುದು ಮಾರ್ಚ್–ಏಪ್ರಿಲ್‌ನಲ್ಲಿ, ಹೇಮಗಿರಿ ಜಾತ್ರೆ ಚಳಿಗಾಲದ ಕೊನೆಯಲ್ಲಿ. ಎರಡೂ ಬೆಲ್ಲದ ಹಂಗಾಮಿಗೆ ಹೊಂದುವ ಕಾಲ.

ಮೇಲುಕೋಟೆಗೆ ಹೋದವರು ಪುಳಿಯೋಗರೆಯ ಗೊಜ್ಜನ್ನು ಊರಿನ ಹೆಸರು ಹೇಳಿ ಕೊಳ್ಳುತ್ತಾರೆ. ಆ ಗೊಜ್ಜಿಗೆ ಬೀಳುವ ಬೆಲ್ಲಕ್ಕೆ ಹೆಸರಿಲ್ಲ. ಮದ್ದೂರಿನ ವಡೆಗೂ ಊರಿನ ಹೆಸರಿದೆ. ಒಂದು ತಿನಿಸಿನೊಡನೆ ಊರಿನ ಹೆಸರು ಕೂಡಿಕೊಳ್ಳಲು ಅದನ್ನು ಆ ಊರಿನಲ್ಲಿ ನಿಂತು ತಿಂದ ಜನ ಬೇಕು. ಗುಡಿಯ ಬೀದಿ ಮತ್ತು ರೈಲು ನಿಲ್ದಾಣ ಅದನ್ನು ಈ ಎರಡಕ್ಕೂ ಒದಗಿಸಿದವು. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ ನಡೆದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ಇಂತಹ ಜನರನ್ನು ದೊಡ್ಡ ಸಂಖ್ಯೆಯಲ್ಲಿ ಜಿಲ್ಲೆಗೆ ತಂದಿತು. ಆದರೆ ಆಹಾರದ ಕುರಿತು ಅಲ್ಲಿ ನಡೆದ ಪ್ರಮುಖ ಚರ್ಚೆ ಬಾಡೂಟದ ಬೇಡಿಕೆಯ ಸುತ್ತ ತಿರುಗಿತು. ಜಿಲ್ಲೆಯ ಉತ್ಪನ್ನವೆಂದು ಘೋಷಿತವಾದ ಬೆಲ್ಲ ಆ ಚರ್ಚೆಯ ವಸ್ತುವಾಗಲಿಲ್ಲ.

ಹೆದ್ದಾರಿಯ ಪರಿಣಾಮ

2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟನೆಗೊಂಡ 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಹೊರವಲಯದ ರಸ್ತೆಗಳಿಂದ ಬಳಸಿ ಹೋಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೊ ಮತ್ತು ಟ್ರ್ಯಾಕ್ಟರ್‌ಗಳ ಸಂಚಾರ ನಿಷಿದ್ಧ. ಕಬ್ಬಿನ ಟ್ರ್ಯಾಕ್ಟರ್ ಸೇವಾ ರಸ್ತೆಯಲ್ಲಿಯೂ, ಪ್ರವಾಸಿಗರ ಕಾರು ಬೇಲಿಯಾಚೆಯ ಮುಖ್ಯ ಪಥದಲ್ಲಿಯೂ ಸಾಗುತ್ತವೆ. ಹಳೆಯ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ಕಬ್ಬಿನ ಹಾಲು ಕುಡಿದು, ಎರಡು ಅಚ್ಚು ಬೆಲ್ಲ ಕೊಳ್ಳುತ್ತಿದ್ದ ಬಗೆಯ ವ್ಯಾಪಾರಕ್ಕೆ ಇದರಿಂದ ಪೆಟ್ಟು ಬಿದ್ದಿದೆ. ಚನ್ನಪಟ್ಟಣದ ಗೊಂಬೆ ಅಂಗಡಿಗಳದೂ ಇದೇ ದೂರು. ಹೀಗಾಗಿ ಇನ್ನು ಬೆಲ್ಲದ ಗಿರಾಕಿಯು ದಾರಿಹೋಕನಾಗಿರದೆ, ಬೃಂದಾವನ, ರಂಗನತಿಟ್ಟು ಅಥವಾ ಮೇಲುಕೋಟೆಯನ್ನೇ ಗುರಿಯಾಗಿಟ್ಟುಕೊಂಡು ಬಂದವನಾಗಿರುತ್ತಾನೆ. ಮಾರಾಟದ ಮಳಿಗೆ ಹೆದ್ದಾರಿಯ ಬದಿಗಿಂತ ಈ ತಾಣಗಳ ಬಾಗಿಲಲ್ಲಿರುವುದು ಹೆಚ್ಚು ಫಲಕಾರಿ.

ಬೆಲ್ಲದಿಂದ ಮದ್ಯ

ಬೆಲ್ಲ ಮತ್ತು ಮದ್ಯದ ನಂಟು ಹಳೆಯದು. ಕಳ್ಳಬಟ್ಟಿಗೆ ಬೆಲ್ಲವೇ ಸುಲಭದ ಕಚ್ಚಾವಸ್ತುವಾದ್ದರಿಂದ ಅಬಕಾರಿ ಇಲಾಖೆಯ ಕಣ್ಣು ಕಪ್ಪು ಬೆಲ್ಲದ ಮೇಲೆ ಇದ್ದೇ ಇರುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲಂತೂ ಅದು ಇನ್ನಷ್ಟು ಬಿಗಿಯಾಯಿತು. ಈಚೆಗೆ ಈ ನಂಟು ಕಾನೂನಿನ ಒಳಗೇ ಹೊಸ ರೂಪ ಪಡೆದಿದೆ. ಮೈಸೂರು ಜಿಲ್ಲೆಯ ನಂಜನಗೂಡಿನ ಬಳಿಯ ಕಿರು ಭಟ್ಟಿಯೊಂದು 2024ರಲ್ಲಿ ‘ಹುಲಿ’ ಎಂಬ ಹೆಸರಿನ, ಬೆಲ್ಲದಿಂದ ಬಟ್ಟಿ ಇಳಿಸಿದ ಮದ್ಯವನ್ನು ಮಾರುಕಟ್ಟೆಗೆ ತಂದಿತು. ರಮ್ ಸಾಮಾನ್ಯವಾಗಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತಯಾರಾಗುವುದರಿಂದ ಬೆಲ್ಲವನ್ನೇ ಬಳಸುವುದು ವೆಚ್ಚದ ಬಾಬತ್ತು. ಆ ವೆಚ್ಚವನ್ನು ತೆರುವ ಗಿರಾಕಿಗೆ ಬೆಲ್ಲ ಎಲ್ಲಿಯದೆಂಬುದು ಮುಖ್ಯ. ಇಂತಹ ತಯಾರಕರಿಗೆ ಬೇಕಾದದ್ದು ಬಣ್ಣ ತೆಗೆಯದ, ಹೈಡ್ರೋಸ್ ಸೋಕದ, ಪರೀಕ್ಷೆಗೆ ಒಳಪಟ್ಟ ಬೆಲ್ಲ. ಮಂಡಿಯಲ್ಲಿ ಕಡಿಮೆ ಬೆಲೆಗೆ ಹೋಗುವ ಕಂದು ಬೆಲ್ಲ ಅದೇ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿರುವ ವಲಯ ಕೃಷಿ ಸಂಶೋಧನಾ ಕೇಂದ್ರವು ಕಬ್ಬಿನ ತಳಿಗಳ ಮೇಲೆ ದೀರ್ಘಕಾಲದಿಂದ ಕೆಲಸ ಮಾಡುತ್ತ ಬಂದಿದೆ. ಪಾಂಡವಪುರ ಅಥವಾ ಶ್ರೀರಂಗಪಟ್ಟಣದ ಆಲೆಮನೆಯವರು ಅಲ್ಲಿಗೆ ತಲುಪಲು ಅರ್ಧ ದಿನದ ಓಡಾಟ ಸಾಕು.