ಯಶಸ್ವಿನಿ: ತಪ್ಪು ಜನರದ್ದಲ್ಲ

ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಎಷ್ಟೋ ಮನೆಗಳು ಸಹಕಾರ ಸಂಘಗಳ ಮೂಲಕ ಸಿಗುವ ಯಶಸ್ವಿನಿ ಆರೋಗ್ಯ ರಕ್ಷಣೆಯಿಂದ ಹೊರಗುಳಿದಿವೆ. ಕಾರಣ ಕೇಳಿದರೆ ‘ಜನರಿಗೆ ಅರಿವಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ಒಪ್ಪಲಾಗದು.

ಹಣವೊಂದೇ ಅಡ್ಡಿಯೂ ಅಲ್ಲ. ಗ್ರಾಮೀಣ ಸಹಕಾರ ಸಂಘದ ಸದಸ್ಯರ ಕುಟುಂಬದಲ್ಲಿ ನಾಲ್ವರಿಗೆ ವರ್ಷಕ್ಕೆ 500 ರೂಪಾಯಿ. ಚಿಕಿತ್ಸೆಯ ಮಿತಿ 5 ಲಕ್ಷ. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಹಾಗಿದ್ದೂ ಪರಿಶಿಷ್ಟರ ಮನೆಗಳು ಹೊರಗಿವೆಯೆಂದರೆ ದೋಷ ಬೇರೆಡೆ ಇದೆ.

ನೋಂದಣಿ ತೆರೆಯುವುದು ವರ್ಷದಲ್ಲಿ ನಿಗದಿತ ಅವಧಿಗೆ ಮಾತ್ರ, ಹೆಚ್ಚಾಗಿ ಡಿಸೆಂಬರ್ ಆಸುಪಾಸಿನಲ್ಲಿ. ಕೃಷ್ಣಾ ಕಾಲುವೆಯ ಕೆಳಗೆ ಅದು ಭತ್ತದ ರಾಶಿಯ ಹೊತ್ತು, ಕಪ್ಪು ನೆಲದಲ್ಲಿ ಹತ್ತಿ ಬಿಡಿಸುವ ಹೊತ್ತು. ಮಳೆ ಕೈಕೊಟ್ಟ ತಾಂಡಾಗಳಲ್ಲಂತೂ ಬೀಗ ಹಾಕಿ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಕಾಲ. ಉಳಿದವರು ಸೊಸೈಟಿಗೆ ಬಂದರೆ ಪಡಿತರ ಚೀಟಿ, ಮನೆಮಂದಿಯೆಲ್ಲರ ಆಧಾರ್, ಎಲ್ಲರ ಫೋಟೊ, ಪರಿಶಿಷ್ಟರಾದರೆ ಜಾತಿ ಪ್ರಮಾಣಪತ್ರ ತರಬೇಕು. ಚೀಟಿಯಲ್ಲೊಂದು ಹೆಸರು, ಆಧಾರ್‌ನಲ್ಲೊಂದು ಹೆಸರು ಇದ್ದರೆ ಆ ದಿನದ ಕೂಲಿಯೂ ಹೋಯಿತು, ಕೆಲಸವೂ ಆಗಲಿಲ್ಲ. ಇನ್ನು ಹೊಲ ಇಲ್ಲದವರು ಸೊಸೈಟಿಯ ಸದಸ್ಯರಾಗಿರುವುದೇ ಅಪರೂಪ.

ನಂಬಿಕೆಯನ್ನು ಕೆಡಿಸಿದ್ದೂ ಸರ್ಕಾರವೇ. 2003ರಲ್ಲಿ ತಲೆಗೆ 60 ರೂಪಾಯಿಯಿಂದ ಶುರುವಾದ ಯೋಜನೆಯನ್ನು 2018ರಲ್ಲಿ ‘ಆರೋಗ್ಯ ಕರ್ನಾಟಕ’ ಯೋಜನೆಯೊಳಗೆ ಸೇರಿಸಿ ನಿಲ್ಲಿಸಲಾಯಿತು. ಮತ್ತೆ ನೋಂದಣಿ ಆರಂಭವಾದದ್ದು 2022ರ ಕೊನೆಗೆ. ವರ್ಷವರ್ಷವೂ ದುಡ್ಡು ಕಟ್ಟಿದ ರೈತನಿಗೆ ಈ ನಡುವಿನ ವರ್ಷಗಳ ಲೆಕ್ಕ ಕೊಟ್ಟವರು ಯಾರು? ಕಾರ್ಡು ಇದ್ದರೂ ದೊಡ್ಡ ಶಸ್ತ್ರಚಿಕಿತ್ಸೆಗೆ ಕಲಬುರಗಿಗೋ ರಾಯಚೂರಿಗೋ ಓಡಬೇಕು. ಬಸ್ಸಿನ ಖರ್ಚು, ಜತೆಗೆ ಹೋದವರ ಊಟ, ತಪ್ಪಿದ ಕೂಲಿ ಯಾವ ವಿಮೆಯಲ್ಲೂ ಇಲ್ಲ. ಪಕ್ಕದ ಮನೆಯವರು ಗುಣವಾಗಿ ಬಂದದ್ದನ್ನು ಕಂಡರೆ ಜನ ತಾವಾಗಿಯೇ ಸೇರುತ್ತಾರೆ. ಅಲೆದು ಸುಸ್ತಾಗಿ ಬಂದದ್ದನ್ನು ಕಂಡರೆ ಸೇರುವುದಿಲ್ಲ.

ಇದೇ ಭಾಗದಲ್ಲಿ ಬೇರೆ ದಾರಿಯೂ ಕಂಡಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಬಂದದ್ದು ಕಲಬುರಗಿ ವಿಭಾಗಕ್ಕೆ. ವಂತಿಗೆ ಇರಲಿಲ್ಲ, ಬಿಪಿಎಲ್ ಚೀಟಿಯೇ ಸಾಕಿತ್ತು, ಶಿಬಿರಗಳು ಊರಿನ ಬಳಿಗೇ ಬಂದವು. ಯೋಜನೆ ತಲುಪಿದ ಉತ್ತರ ಭಾಗದ ಹಳ್ಳಿಗಳನ್ನು ಯೋಜನೆ ತಲುಪದ ಗಡಿಯಾಚೆಯ ಹಳ್ಳಿಗಳೊಂದಿಗೆ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಬಡ ಕುಟುಂಬಗಳಲ್ಲಿ ಯೋಜನೆಯಡಿ ಬರುವ ಕಾಯಿಲೆಗಳಿಂದಾದ ಸಾವು ಆಚೆಗೆ ಶೇ 0.90, ಈಚೆಗೆ ಶೇ 0.32. ಬಡವನ ಬಾಗಿಲಿಗೆ ವ್ಯವಸ್ಥೆಯೇ ಹೋದಾಗ ‘ಅರಿವಿಲ್ಲ’ದ ಇದೇ ಜನ ಜೀವ ಉಳಿಸಿಕೊಂಡರು.

ಆದ್ದರಿಂದ ನೋಂದಣಿ ವರ್ಷವಿಡೀ ತೆರೆದಿರಲಿ. ಗ್ರಾಮ ಪಂಚಾಯಿತಿಯಲ್ಲೂ, ಗುಳೆ ಹೋದ ಊರಲ್ಲೂ ಹೆಸರು ಬರೆಸಲು ಅವಕಾಶವಿರಲಿ. ಭೂಮಿ ಇಲ್ಲದ ಹೆಣ್ಣುಮಕ್ಕಳು ಸ್ವಸಹಾಯ ಗುಂಪಿನ ಮೂಲಕ ತಮ್ಮ ಹೆಸರಿನಲ್ಲೇ ಸೇರುವಂತಾಗಲಿ. ಎಷ್ಟು ಮನೆ ಸೇರಿದವು, ಎಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿತು ಎಂಬ ಲೆಕ್ಕ ಪ್ರತಿ ಸೊಸೈಟಿಯ ಗೋಡೆಯ ಮೇಲೆ ಇರಲಿ. ಇಷ್ಟು ಮಾಡುವ ತನಕ ಹೊರಗುಳಿದ ಪ್ರತಿ ಮನೆಗೂ ಸಹಕಾರ ಇಲಾಖೆ ಮತ್ತು ಜಿಲ್ಲಾಡಳಿತವೇ ಹೊಣೆ.