ದ್ಯೂತವು ವಾಣಿಜ್ಯವಾಗಬಲ್ಲುದೆ?

ಹೆಸರನ್ನು ಬದಲಾಯಿಸಿದ ಮಾತ್ರದಿಂದ ವಸ್ತುವಿನ ಗುಣವು ಬದಲಾಗುವುದಿಲ್ಲವೆಂಬುದನ್ನು ಪಾಠಶಾಲೆಯಲ್ಲಿ ನಮ್ಮ ಗುರುಗಳು ತರ್ಕದ ಮೊದಲ ಪಾಠಗಳಲ್ಲಿಯೇ ಹೇಳಿಕೊಡುತ್ತಿದ್ದರು. ಬೇವನ್ನು ಬೆಲ್ಲವೆಂದು ಕರೆದರೆ ನಾಲಗೆಯು ಒಪ್ಪುವುದುಂಟೆ? ಆದರೆ ಈಚೆಗೆ ಕುದುರೆ ಜೂಜಿಗೆ 'ಟ್ರೇಡಿಂಗ್' ಎಂದು ನಾಮಕರಣ ಮಾಡಿ, ಅದನ್ನು ಕಲಿಯಬಹುದಾದ ವಿದ್ಯೆಯೆಂದೂ, ಕಲಿತವನು ಮನೆಯಲ್ಲಿ ಕುಳಿತು ನಿತ್ಯಲಾಭವನ್ನು ಪಡೆಯಬಹುದೆಂದೂ ಉಪದೇಶಿಸುವವರು ಹೆಚ್ಚಿದ್ದಾರೆ. ಓದುಬರೆಹ ಬಲ್ಲ ಮನೆಗಳ ಮಕ್ಕಳೇ ಈ ಮಾತಿಗೆ ಮರುಳಾಗುತ್ತಿರುವುದರಿಂದ, ಈ ವಿಷಯವನ್ನು ವಾಚಕರ ಮುಂದಿಡುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಇದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳಬೇಕು. ನನ್ನಲ್ಲಿ ಲೆಕ್ಕವನ್ನೂ ಸಂಸ್ಕೃತವನ್ನೂ ಕಲಿತ ಹುಡುಗನೊಬ್ಬನು ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾನೆ. ಬುದ್ಧಿವಂತನು, ವಿನಯಶಾಲಿ. ಕಳೆದ ಬೇಸಗೆಯಲ್ಲಿ ಊರಿಗೆ ಬಂದವನು, ಉದ್ಯೋಗವನ್ನು ಬಿಟ್ಟು ಕುದುರೆಪಂದ್ಯದ ಪೇಟೆಯಲ್ಲಿ 'ವ್ಯಾಪಾರ' ಮಾಡುವೆನೆಂದೂ, ಮೂಲಧನಕ್ಕಾಗಿ ಅಡಕೆಯ ತೋಟದಲ್ಲಿ ತನ್ನ ಪಾಲನ್ನು ಮಾರಿಕೊಡಬೇಕೆಂದೂ ತಂದೆಯನ್ನು ಕೇಳಿದನು. ತಂದೆಯು ಮರುದಿನ ಬೆಳಗ್ಗೆಯೇ ನಮ್ಮ ಜಗಲಿಗೆ ಬಂದು, "ಮೇಷ್ಟ್ರೇ, ಇವನಿಗೆ ಲೆಕ್ಕ ಕಲಿಸಿದವರು ನೀವು. ಇವನು ಹೇಳುವ ಲೆಕ್ಕ ಸರಿಯೋ ತಪ್ಪೋ ನೀವೇ ಹೇಳಬೇಕು" ಎಂದರು. ಈ ಲೇಖನವು ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರದ ವಿಸ್ತಾರವಷ್ಟೆ.

ಖಂಡಿಸುವ ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ನಿರೂಪಿಸಬೇಕಾದದ್ದು ನಮ್ಮ ಸಂಪ್ರದಾಯ. ಹುಡುಗನು ಹೇಳಿದ್ದೇನೆಂದರೆ: ಹಿಂದೆ ಜೂಜಾಳಿಯು ಬುಕ್ಕಿಯೊಡನೆ ಪಣ ಕಟ್ಟುತ್ತಿದ್ದನು, ದರವನ್ನು ನಿಗದಿ ಮಾಡುವವನು ಬುಕ್ಕಿ, ಆದುದರಿಂದ ಗೆಲುವೂ ಅವನದೇ. ೨೦೦೦ರಲ್ಲಿ ಇಂಗ್ಲೆಂಡಿನಲ್ಲಿ ಬೆಟ್‌ಫೇರ್ ಎಂಬ ಪಣದ ವಿನಿಮಯ ಕೇಂದ್ರವು ಆರಂಭವಾದಂದಿನಿಂದ ಈ ಸ್ಥಿತಿಯು ಬದಲಾಯಿತು. ಅಲ್ಲಿ ಜನರು ತಮ್ಮತಮ್ಮೊಳಗೇ ಪಣ ಕಟ್ಟುತ್ತಾರೆ. ಕುದುರೆಯು ಗೆಲ್ಲುವುದೆಂದು ಹಣವಿಡುವುದು 'ಬ್ಯಾಕ್'. ಗೆಲ್ಲುವುದಿಲ್ಲವೆಂದು ಎದುರು ಪಣವನ್ನು ಹೊರುವುದು 'ಲೇ'. ಓಟಕ್ಕೆ ಮೊದಲು ದರಗಳು ತರಕಾರಿಯ ಬೆಲೆಯಂತೆ ಏರಿಳಿಯುತ್ತಿರುತ್ತವೆ. ಹೆಚ್ಚಿನ ದರದಲ್ಲಿ ಬ್ಯಾಕ್ ಮಾಡಿ, ದರವು ಇಳಿದಾಗ ಲೇ ಮಾಡಿದರೆ, ಯಾವ ಕುದುರೆ ಗೆದ್ದರೂ ಲಾಭವೇ. "ಕುದುರೆಯ ಹೆಸರೂ ನನಗೆ ಬೇಕಿಲ್ಲ ಮೇಷ್ಟ್ರೇ, ಓಟವು ಆರಂಭವಾಗುವ ಮೊದಲೇ ನನ್ನ ಕೆಲಸ ಮುಗಿದಿರುತ್ತದೆ. ಇದು ಜೂಜು ಹೇಗಾದೀತು?" ಎಂದು ಅವನ ವಾದ.

ಈ ಲೆಕ್ಕದಲ್ಲಿ ತಪ್ಪಿಲ್ಲವೆಂದು ಮೊದಲೇ ಒಪ್ಪುತ್ತೇನೆ. ೫ರ ದರದಲ್ಲಿ ೧೦೦ ಪೌಂಡು ಬ್ಯಾಕ್ ಮಾಡಿ, ದರವು ೪.೮ಕ್ಕೆ ಇಳಿದಾಗ ೧೦೪ ಪೌಂಡು ೧೭ ಪೆನ್ಸನ್ನು ಲೇ ಮಾಡಿದರೆ, ಕುದುರೆಯು ಗೆದ್ದರೂ ಸೋತರೂ ಸುಮಾರು ೪ ಪೌಂಡು ೧೭ ಪೆನ್ಸ್ ಉಳಿಯುತ್ತದೆ. ಅದರಲ್ಲಿ ಕೇಂದ್ರವು ಶೇಕಡಾ ೫ರಂತೆ ದಸ್ತೂರಿಯನ್ನು ಹಿಡಿದರೆ ಕೈಗೆ ಬರುವುದು ೩ ಪೌಂಡು ೯೬ ಪೆನ್ಸ್. ಆದರೆ ದರವು ಇಳಿಯುವುದಕ್ಕೆ ಬದಲಾಗಿ ೫.೨ಕ್ಕೆ ಏರಿದರೆ? ಆಗ ವ್ಯವಹಾರವನ್ನು ಮುಗಿಸಿಕೊಂಡರೆ ೩ ಪೌಂಡು ೮೫ ಪೆನ್ಸ್ ನಷ್ಟ. ಲಾಭವೂ ನಷ್ಟವೂ ಹೆಚ್ಚುಕಡಮೆ ಸಮಾನ. ಹಾಗಾದರೆ ಜೀವನೋಪಾಯವು ಯಾವುದರ ಮೇಲೆ ನಿಂತಿದೆ? ದರವು ಏರುವುದೋ ಇಳಿಯುವುದೋ ಎಂಬುದನ್ನು ಎದುರು ಕುಳಿತವರೆಲ್ಲರಿಗಿಂತ ಚೆನ್ನಾಗಿ ಊಹಿಸುವುದರ ಮೇಲೆ. ಕುದುರೆಯ ಮೇಲಿದ್ದ ಜೂಜು ದರದ ಮೇಲಕ್ಕೆ ಹೋಯಿತು, ಜೂಜು ಹೋಗಲಿಲ್ಲ.

ಇನ್ನು ಮನುಷ್ಯಸ್ವಭಾವವನ್ನು ನೋಡಿರಿ. ನಾಲ್ಕು ಪೌಂಡಿನ ನಷ್ಟವನ್ನು ಒಪ್ಪಿಕೊಂಡು ಎದ್ದು ಬರುವುದಕ್ಕೆ ಮನಸ್ಸು ಬಾರದು. 'ದರವು ಇಳಿದೀತು, ಇನ್ನೊಂದು ಕ್ಷಣ ನೋಡೋಣ' ಎನ್ನುವಷ್ಟರಲ್ಲಿ ಓಟವು ಆರಂಭವಾಗುತ್ತದೆ. ಐದು ಫರ್ಲಾಂಗಿನ ಓಟವೆಂದರೆ ಒಂದು ನಿಮಿಷದ ಮಾತು. ಕುದುರೆಯು ಸೋತರೆ ೧೦೦ ಪೌಂಡೂ ಹೋಯಿತು. ಇಪ್ಪತ್ತೈದು ಸಲ ಗಳಿಸಿದ ಲಾಭವೆಲ್ಲ ಆ ಒಂದು ನಿಮಿಷದಲ್ಲಿ ತೀರಿತು. ಹುಡುಗನು ತನ್ನ ಲೆಕ್ಕದ ಪಟ್ಟಿಯನ್ನು ಸಂಕೋಚವಿಲ್ಲದೆ ನನಗೆ ತೋರಿಸಿದನು. ಗೆದ್ದ ದಿನಗಳು ಬಹಳ, ಸೋತ ದಿನಗಳು ಕೆಲವೇ. ಆದರೆ ನಾನು ಪೆನ್ಸಿಲು ಹಿಡಿದು ಕೂಡಿಸಿದಾಗ ಮೊತ್ತದಲ್ಲಿ ನಷ್ಟವೇ ಬಂದಿತು. ಈ 'ವಿದ್ಯೆ'ಯನ್ನು ಕಲಿಯಲು ಕೊಟ್ಟ ಶುಲ್ಕವನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಿದ್ರೆಗೆಟ್ಟ ರಾತ್ರಿಗಳನ್ನು ಹಿಡಿಯುವುದಕ್ಕೆ ಕಲಮು ಇರಲಿಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಮುಖ್ಯವಾದುದು. ಈ ಪೇಟೆಯಲ್ಲಿ ಲಾಭವು ಎಲ್ಲಿಂದ ಬರುತ್ತದೆ? ರೈತನು ಭತ್ತವನ್ನು ಬೆಳೆಯುತ್ತಾನೆ. ವರ್ತಕನು ಅದನ್ನು ಬೇಕಾದೆಡೆಗೆ ಸಾಗಿಸುತ್ತಾನೆ. ಇಬ್ಬರೂ ಗಳಿಸಿದರೂ ಕೊಂಡವನು ಊಟ ಮಾಡುತ್ತಾನೆ. ಪಣದ ಪೇಟೆಯಲ್ಲಿ ಬೆಳೆಯುವುದು ಯಾವುದೂ ಇಲ್ಲ. ಒಬ್ಬನ ಪೌಂಡು ಇನ್ನೊಬ್ಬನ ಜೇಬಿಗೆ ಹೋಗುತ್ತದೆ. ನಡುವೆ ಕಟ್ಟೆಯವನು ತನ್ನ ಪಾಲನ್ನು ತೆಗೆಯುತ್ತಾನೆ. ಆಡುವವರೆಲ್ಲರನ್ನೂ ಒಟ್ಟಿಗೆ ಎಣಿಸಿದರೆ ಆ ಪಾಲಿನಷ್ಟು ನಷ್ಟವು ನಿಶ್ಚಿತ. ಇದು ಹೊಸ ವ್ಯವಸ್ಥೆಯೇನೂ ಅಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ಅವನು ತೆಗೆದುಕೊಳ್ಳತಕ್ಕದ್ದೆಂದು ವಿಧಿಸಿದ್ದಾನೆ. ಲಂಡನ್ನಿನ ಗಣಕಯಂತ್ರದ ಕಟ್ಟೆಯೂ ಬಹುಕಾಲ ಅದೇ ನೂರಕ್ಕೆ ಐದನ್ನು ಸಾಮಾನ್ಯ ದರವಾಗಿಟ್ಟುಕೊಂಡಿತ್ತು. ಆದರೆ ಕೌಟಿಲ್ಯನು ಅದನ್ನು ವಾರ್ತೆಯೆಂದು, ಎಂದರೆ ಕೃಷಿ, ಪಶುಪಾಲನೆ, ವಾಣಿಜ್ಯಗಳ ಸಾಲಿನಲ್ಲಿ ಎಣಿಸಲಿಲ್ಲ. ಮನುವು ನಿರ್ಜೀವ ವಸ್ತುಗಳಿಂದ ಆಡುವುದು ದ್ಯೂತ, ಪ್ರಾಣಿಗಳಿಂದ ಆಡಿಸುವುದು ಸಮಾಹ್ವಯ ಎಂದು ವಿಂಗಡಿಸಿ, ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದನು.

ನಿತ್ಯವೂ ಗೆಲ್ಲುವವನ ಗತಿಯೇನು? ಬೆಟ್‌ಫೇರ್ ಸಂಸ್ಥೆಯು ೨೦೦೮ರಲ್ಲಿ, ಬಿಡದೆ ಲಾಭ ಪಡೆಯುತ್ತಿದ್ದವರ ಮೇಲೆ ದಸ್ತೂರಿಯಲ್ಲದೆ ಇನ್ನೊಂದು ವಿಶೇಷ ಶುಲ್ಕವನ್ನು ಹೇರಿತು. ೨೦೧೧ರಲ್ಲಿ ಅತ್ಯಂತ ಹೆಚ್ಚು ಗೆಲ್ಲುವವರಿಗೆ ಅದು ಶೇಕಡಾ ೬೦ರವರೆಗೆ ಏರಿತು. ಅಲ್ಲಿಯ ಬುಕ್‌ಮೇಕರುಗಳಾದರೋ ಗೆಲ್ಲುವವನ ಪಣವನ್ನು ಕೆಲವೇ ಪೆನ್ಸುಗಳಿಗೆ ಇಳಿಸುವುದು ಎಲ್ಲರೂ ಬಲ್ಲ ಮಾತು. ಜಾಣನಾದ ಗಿರಾಕಿಯನ್ನು ದಂಡಿಸುವ ಅಂಗಡಿಯು ಎಂತಹ ವ್ಯಾಪಾರದ್ದೆಂಬುದನ್ನು ವಾಚಕರೇ ಯೋಚಿಸಲಿ.

"ಗೆದ್ದವರೂ ಇದ್ದಾರಲ್ಲ" ಎಂದು ಹುಡುಗನು ಬಿಲ್ ಬೆಂಟರ್ ಎಂಬ ಅಮೆರಿಕದವನ ಹೆಸರನ್ನು ಹೇಳಿದನು. ನಿಜ, ಗೆದ್ದಿದ್ದಾನೆ. ಅವನು ೧೯೮೦ರ ದಶಕದಲ್ಲಿ ಹಾಂಗ್‌ಕಾಂಗಿಗೆ ಹೋಗಿ, ಓಟಗಳ ಅಂಕಿಗಳನ್ನು ಗಣಕಯಂತ್ರಕ್ಕೆ ಊಡಿಸಿ, ಮೊದಲಿಗೆ ಕೈಯಲ್ಲಿದ್ದ ಹಣದ ಬಹುಭಾಗವನ್ನು ಕಳೆದುಕೊಂಡು, ಅನೇಕ ವರ್ಷಗಳ ಪರಿಶ್ರಮದ ಮೇಲೆ ಅಪಾರ ಧನವನ್ನು ಸಂಪಾದಿಸಿದನು. ತನ್ನ ಕ್ರಮವನ್ನು ೧೯೯೪ರಲ್ಲಿ ಪ್ರಬಂಧರೂಪದಲ್ಲಿ ಪ್ರಕಟಿಸಿಯೂ ಇದ್ದಾನೆ. ತನ್ನ ಗಣಿತವೊಂದೇ ಸಾಲದೆ, ಜನಸಮೂಹವು ಕಟ್ಟಿದ ದರವನ್ನೂ ಅದರೊಳಗೆ ಬೆರೆಸಬೇಕಾಯಿತೆಂಬುದು ಆ ಪ್ರಬಂಧದ ಮುಖ್ಯಾಂಶ. ಅಂತಹ ಗಣಿತಜ್ಞನೇ ಜನರ ದರಕ್ಕೆ ತಲೆಬಾಗಿದ ಮೇಲೆ, ಎರಡು ದಿನದ ತರಗತಿಯಿಂದ ಎದ್ದು ಬಂದವನು ಅದನ್ನು ಮೀರುವುದೆಂತು? ಈಗ ಎದುರಿಗೆ ಕುಳಿತಿರುವವರಲ್ಲಿ ಅನೇಕರು ಮನುಷ್ಯರೂ ಅಲ್ಲ, ಯಂತ್ರಗಳು. ಮನೆಯ ಪರದೆಯ ಮೇಲೆ ಚಿತ್ರವು ಕೆಲವು ಕ್ಷಣ ತಡವಾಗಿ ಮೂಡುತ್ತದೆ. ಮೈದಾನದ ಬಳಿಯಲ್ಲಿದ್ದು ನೋಡುವವನಿಗೆ ಆ ಕ್ಷಣಗಳೇ ಹಣ.

ಕಾನೂನಿನ ಮಾತನ್ನೂ ಎತ್ತುವವರಿದ್ದಾರೆ. ಕುದುರೆ ಓಟವು ಪ್ರಧಾನವಾಗಿ ಕೌಶಲದ ಆಟವೆಂದು ನಮ್ಮ ಸುಪ್ರೀಂ ಕೋರ್ಟು ೧೯೯೬ರಲ್ಲಿ ತೀರ್ಪಿತ್ತಿರುವುದು ನಿಜ; ಬೆಂಗಳೂರು ಮೈಸೂರುಗಳ ರೇಸುಗಳಿಗೆ ಅಂತಹ ಮಾನ್ಯತೆಯ ಆಧಾರವುಂಟು. ಆದರೆ ಕೌಶಲವಿದ್ದ ಮಾತ್ರಕ್ಕೆ ಕಾರ್ಯವು ಶ್ರೇಯಸ್ಕರವಾಗದು. ಶಕುನಿಗೆ ಕೌಶಲದ ಕೊರತೆಯಿತ್ತೆ? ಸರಕಾರವೂ ಈ ಪಣವನ್ನು ಅಕ್ಕಿಬೇಳೆಯ ವ್ಯಾಪಾರದಂತೆ ಎಣಿಸಿಲ್ಲ. ೨೦೨೩ರ ಅಕ್ಟೋಬರಿನಿಂದ ಪಣದ ಪೂರ್ಣ ಮೊತ್ತದ ಮೇಲೆ ಶೇಕಡಾ ೨೮ರಂತೆ ತೆರಿಗೆಯನ್ನು ವಿಧಿಸಿ, ೨೦೨೫ರ ಸೆಪ್ಟೆಂಬರಿನಲ್ಲಿ ಅದನ್ನು ೪೦ಕ್ಕೆ ಏರಿಸಿತು. ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟಗಳೆಂಬ ಭೇದವೆಣಿಸದೆ ನಿಷೇಧಿಸುವ ಶಾಸನವನ್ನು ಪಾರ್ಲಿಮೆಂಟು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿತು.

"ಷೇರುಪೇಟೆಯೂ ವಿಮೆಯೂ ಇದೇ ಅಲ್ಲವೆ?" ಎಂಬುದು ಕೊನೆಯ ಪ್ರಶ್ನೆ. ಅಲ್ಲ. ಷೇರಿನ ಹಿಂದೆ ಒಂದು ಉದ್ಯಮವಿದೆ. ಅದು ಬೆಳೆದರೆ ಪಾಲುಗಾರರೆಲ್ಲರೂ ಬೆಳೆಯಬಹುದು. ಮನೆಗೆ ಬೆಂಕಿ ಬೀಳುವ ಭಯವು ವಿಮೆಗಿಂತ ಮೊದಲೇ ಇದ್ದಿತು. ವಿಮೆಯು ಅದನ್ನು ಹತ್ತು ಜನರಿಗೆ ಹಂಚಿ ಹಗುರ ಮಾಡಿತು. ಜೂಜಾದರೋ ಇಲ್ಲದ ಭಯವನ್ನು ಹುಟ್ಟಿಸಿ ಮನೆಗೆ ತರುತ್ತದೆ. ಷೇರನ್ನೂ ಗಳಿಗೆಗಳಿಗೆಗೆ ಕೊಂಡು ಮಾರುವವನು ಜೂಜಾಳಿಯೇ ಎಂದರೆ ನಾನು ವಾದಿಸುವುದಿಲ್ಲ. ಅದರಿಂದ ಕುದುರೆಯ ಜೂಜು ಶುದ್ಧವಾಗುವುದಿಲ್ಲ. ೧೬೫೪ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಪಂಡಿತರು ಜೂಜಿನ ಪ್ರಶ್ನೆಯೊಂದನ್ನು ಕುರಿತು ಬರೆದುಕೊಂಡ ಪತ್ರಗಳಿಂದ ಸಂಭಾವ್ಯತೆಯ ಗಣಿತವು ಬೆಳೆಯಿತೆಂಬುದನ್ನು ಬಲ್ಲೆ. ಕಮಲವು ಕೆಸರಿನಲ್ಲಿ ಹುಟ್ಟಿತೆಂದು ಯಾರೂ ಕೆಸರನ್ನು ದೇವರ ಮುಂದಿಡುವುದಿಲ್ಲ.

ಇನ್ನು ಈ ವಿದ್ಯೆಯನ್ನು ಬೋಧಿಸುವವರ ವಿಚಾರ. ನಾನೂ ಮೂವತ್ತೈದು ವರ್ಷ ಬೋಧಿಸಿ ಸಂಬಳ ಪಡೆದವನಾದುದರಿಂದ ಶುಲ್ಕವನ್ನು ನಿಂದಿಸುತ್ತಿಲ್ಲ. ಕೇಳುವುದಿಷ್ಟೆ: ನೀವು ಮಾರುವ ಗುಟ್ಟು ನಿಜವೆ, ಸುಳ್ಳೆ? ಸುಳ್ಳಾದರೆ ಅದು ಮೋಸ. ನಿಜವಾದರೆ, ಅದನ್ನು ಸಾವಿರ ಮಂದಿಗೆ ಕಲಿಸಿದೊಡನೆ ಸಾವಿರ ಮಂದಿಯೂ ಅದೇ ದರಕ್ಕೆ ಮುಗಿಬಿದ್ದು ಗುಟ್ಟು ನಿಷ್ಫಲವಾಗುತ್ತದೆ. ಎರಡು ಕಡೆಯಿಂದಲೂ ಕುಣಿಕೆಯಿರುವ ಹಗ್ಗವೆಂದು ನಮ್ಮವರು ಹೇಳುವ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಕೊಟ್ಟಷ್ಟೂ ಹೆಚ್ಚುವುದು ವಿದ್ಯೆಯ ಲಕ್ಷಣ. ಕೊಟ್ಟಷ್ಟೂ ಕರಗುವುದನ್ನು ವಿದ್ಯೆಯೆಂದು ಹೇಗೆ ಕರೆಯೋಣ?

ಹುಡುಗನು ಸುಮ್ಮನೆ ಬಿಡಲಿಲ್ಲ. "ನಳಚರಿತ್ರೆಯನ್ನು ನೀವೇ ಪಾಠ ಹೇಳಿದಿರಿ. ನಳನು ಅಕ್ಷಹೃದಯವನ್ನು ಕಲಿತ ಮೇಲಲ್ಲವೆ ರಾಜ್ಯವನ್ನು ಗೆದ್ದದ್ದು?" ಎಂದನು. ನನಗೆ ಕ್ಷಣಕಾಲ ಸಂತೋಷವೇ ಆಯಿತು, ಪಾಠವನ್ನು ಮರೆತಿಲ್ಲವಲ್ಲ! ಆದರೆ ಕಥೆಯನ್ನು ಪೂರ್ತಿಯಾಗಿ ನೋಡಬೇಕು. ನಳನು ಅಶ್ವವಿದ್ಯೆಯಲ್ಲಿ ಅದ್ವಿತೀಯನಾಗಿದ್ದನು. ಆ ವಿದ್ಯೆಯು ಅವನನ್ನು ಜೂಜಿನಿಂದ ಉಳಿಸಲಿಲ್ಲ. ರಾಜ್ಯವನ್ನೂ ಉಟ್ಟ ಬಟ್ಟೆಯನ್ನೂ ಕಳೆದುಕೊಂಡು, ಸತಿಯನ್ನು ಕಾಡಿನಲ್ಲಿ ತೊರೆದ ಮೇಲೆ ಋತುಪರ್ಣನಿಂದ ಅಕ್ಷಹೃದಯವನ್ನು ಪಡೆದನು. ಪುಷ್ಕರನೊಡನೆ ಒಂದೇ ಪಣದಲ್ಲಿ ಆಡಿ, ತನ್ನದನ್ನು ಹಿಂದಕ್ಕೆ ಪಡೆದು, ಸೋತವನನ್ನು ಕ್ಷಮಿಸಿ, ಅವನ ಪಾಲನ್ನು ಅವನಿಗೇ ಕೊಟ್ಟು ಕಳುಹಿಸಿದನು. ಮರುದಿನ ಅಂಗಡಿ ತೆರೆದು ಕೂರಲಿಲ್ಲ. "ನೀನು ಗೆದ್ದ ಹಣವು ಯಾರದೆಂದು ನಿನಗೆ ಗೊತ್ತಿದೆಯೇನಪ್ಪಾ? ಅವನ ಪಾಲನ್ನು ಅವನಿಗೆ ಕೊಟ್ಟು ಕಳುಹಿಸಬಲ್ಲೆಯಾ?" ಎಂದು ಕೇಳಿದೆನು. ಅವನು ಉತ್ತರ ಕೊಡಲಿಲ್ಲ. ಪರದೆಯ ಆಚೆ ಇರುವವನಿಗೆ ಹೆಸರಿಲ್ಲ, ಮುಖವಿಲ್ಲ. ಅವನೂ ಯಾವುದೋ ತೋಟವನ್ನು ಮಾರಿ ಬಂದವನಾಗಿರಬಹುದು.

ತಂದೆಗೆ ನಾನು ಹೇಳಿದ್ದಿಷ್ಟು: "ಹುಡುಗನ ಗಣಿತ ಸರಿಯಾಗಿದೆ, ಲೆಕ್ಕ ತಪ್ಪಿದೆ. ತೋಟವನ್ನು ಮಾರಬೇಡಿ. ಅವನನ್ನು ಬೈಯಲೂ ಬೇಡಿ." ಹುಡುಗನು ರಜೆ ಮುಗಿಸಿ ಉದ್ಯೋಗಕ್ಕೆ ಹಿಂತಿರುಗಿದ್ದಾನೆ. ಆ ಅಭ್ಯಾಸವನ್ನು ಬಿಟ್ಟಿರುವನೆಂದು ನಂಬಲು ಆಸೆಯಿದೆ, ಪ್ರಮಾಣವಿಲ್ಲ. ಆದುದರಿಂದಲೇ ಇದನ್ನು ಬರೆದೆನು. ವಾಚಕ ಮಹಾಶಯರು ತಮ್ಮ ಮನೆಯ ತರುಣರನ್ನು ಒಮ್ಮೆ ಬಳಿಯಲ್ಲಿ ಕೂರಿಸಿಕೊಂಡು, ಕೋಪವಿಲ್ಲದೆ, ಅವರ ಲೆಕ್ಕದ ಪಟ್ಟಿಯನ್ನು ಕೇಳಿ ನೋಡಲಿ. ಕೂಡಿಸುವಾಗ ಪೆನ್ಸಿಲು ತಮ್ಮ ಕೈಯಲ್ಲಿಯೇ ಇರಲಿ.