ಟ್ಯಾಂಕಿಗೆ ಎತ್ತಿದ ವೈರು ಹುಲ್ಲಿನ ಲಾರಿಗೆ ಯಾಕೆ ಎತ್ತಲ್ಲ?

ಈ ಸಲ ತೆಂಗಿಗೆ ಗೊಬ್ಬರ ಹಾಕೋದರ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ಸಲಕ್ಕೆ ಇರಲಿ. ಹಾಸನ ರಸ್ತೆ, ಬಿ.ಎಚ್. ರಸ್ತೆ ಪಕ್ಕದಲ್ಲಿ ಜಮೀನು ಇರೋರು ಇದನ್ನ ಪೂರ್ತಿ ಓದಿ. ಉದ್ದ ಐತೆ, ಆದ್ರೂ ಓದಿ.

ರಾತ್ರಿ ಹೊತ್ತು ನಮ್ಮ ರಸ್ತೇಲಿ ಹೋಗೋ ದೊಡ್ಡ ದೊಡ್ಡ ಟ್ಯಾಂಕು, ಸೈಲೋಗಳನ್ನ ನೀವೂ ನೋಡಿರ್ತೀರಿ. ಮುಂದೆ ಒಂದು ಜೀಪು, ಕೆಂಪು ದೀಪ, ಹಿಂದೆ ಮನೆಯಷ್ಟು ಎತ್ತರದ ಉಕ್ಕಿನ ಪೀಪಾಯಿ, ಕೆಳಗೆ ಎಣಿಸಕ್ಕಾಗದಷ್ಟು ಚಕ್ರ. ಹಡಗಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಇಳಿದ ಇಂಥ ಮಾಲು ಒಳನಾಡಿಗೆ ಬರಬೇಕು ಅಂದ್ರೆ ಶಿರಾಡಿ ಹತ್ತಿ ಸಕಲೇಶಪುರ, ಹಾಸನದ ಮೇಲೆ ಬರಬೇಕು. ಚಾರ್ಮಾಡಿಯಲ್ಲಿ 2019ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದ ಮೇಲೆ ಭಾರಿ ವಾಹನ ಬಿಡಲ್ಲ, ಬಿಟ್ಟರೂ ಆ ತಿರುವಲ್ಲಿ ಇಷ್ಟುದ್ದದ ಗಾಡಿ ತಿರುಗಲ್ಲ. ಹಾಸನದಿಂದ ಬೆಂಗಳೂರಿಗೆ ಹೋಗೋದು ಚನ್ನರಾಯಪಟ್ಟಣದ ಕಡೆ ಹೋಯ್ತದೆ. ಚಿತ್ರದುರ್ಗದ ಕಡೆಗೆ ಹೋಗೋದು ಅರಸೀಕೆರೆ ಮೇಲೆ ಬತ್ತದೆ.

ಹೋದ ತಿಂಗಳು ಹಂಗೆ ಮೂರು ಟ್ಯಾಂಕು ಬಂದವು. ಯಾವ ಕಂಪನಿಯದು ಅನ್ನೋದು ಇಲ್ಲಿ ಬೇಡ. ಅವು ಹೋಗೋಕೆ ಎರಡು ದಿನ ಮುಂಚೆ ಹಗಲಲ್ಲಿ ಒಂದು ಟೆಂಪೋ ಬಂತು, ನಾಲ್ಕು ಜನ, ಉದ್ದ ಕೋಲಿಗೆ ಕಟ್ಟಿದ ಮಚ್ಚು. ರಸ್ತೆ ಕಡೆ ಇದ್ದ ನನ್ನ ಆರು ತೆಂಗಿನ ಮರದ ಗರಿ ಸವರಿ ಹೋದರು. ನಾನು ಆಗ ಮಂಡೀಲಿ ಕೊಬ್ಬರಿ ತೂಕಕ್ಕೆ ನಿಂತಿದ್ದೆ. ಬಂದು ನೋಡಿದ್ರೆ ಮರ ಒಂದು ಕಡೆ ಬೋಳು. ಒಂದು ಮರದ ಸುಳಿಗೇ ಏಟು ಬಿದ್ದೈತೆ. ಕೇಳೋಣ ಅಂದ್ರೆ ಯಾರನ್ನ ಕೇಳದು? ಟೆಂಪೋ ಮೇಲೆ ಹೆಸರಿಲ್ಲ, ಕೈಯಲ್ಲಿ ಕಾಗದ ಇಲ್ಲ. ಟ್ಯಾಂಕು ದಾಟೋ ರಾತ್ರಿ 11ರಿಂದ ಬೆಳಗಿನ ಜಾವದವರೆಗೆ ಲೈನ್ ಆಫ್. ಆ ವಾರ ನಮಗೆ ತ್ರೀಫೇಸ್ ಕೊಡ್ತಿದ್ದದ್ದೇ ರಾತ್ರಿ ಪಾಳಿಯಲ್ಲಿ.

ತೆಂಗು ಗೊತ್ತಿಲ್ಲದೋರು "ಗರಿ ತಾನೆ, ಮತ್ತೆ ಬರ್ತದೆ" ಅಂತಾರೆ. ಹುಣಸೆ ಕೊಂಬೆ ಕಡಿದ್ರೆ ಪಕ್ಕದಲ್ಲಿ ಚಿಗುರ್ತದೆ, ಹೊಂಗೆ ಕಡಿದ್ರೆ ಇನ್ನೂ ಚೆನ್ನಾಗಿ ಚಿಗುರ್ತದೆ. ತೆಂಗಿಗೆ ಇರೋದು ಒಂದೇ ಸುಳಿ. ಅದು ಹೋದ್ರೆ ಮರ ಸೌದೆ. ಸುಳಿ ಉಳಿದ್ರೂ ಲೆಕ್ಕ ನೋಡಿ: ಒಳ್ಳೆ ಮರ ವರ್ಷಕ್ಕೆ ಸುಮಾರು ಹನ್ನೆರಡು ಗರಿ ಬಿಡ್ತದೆ, ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಹಸಿ ಗರಿ ಕಡಿದ್ರೆ ಆಸರೆ ಇಲ್ಲದೆ ಗೊನೆ ಜೋತು ಬೀಳ್ತದೆ, ಎಳೆ ಹರಳು ಉದುರ್ತದೆ. ಹೊಂಬಾಳೆ ಒಡೆದು ಕಾಯಿ ಬಲಿಯೋಕೆ ಹನ್ನೊಂದು ಹನ್ನೆರಡು ತಿಂಗಳು ಬೇಕು. ಕೊಬ್ಬರಿಗಾದ್ರೆ ಅದರ ಮೇಲೆ ಅಟ್ಟದಲ್ಲಿ ಇನ್ನೊಂದು ವರ್ಷ. ಅವರು ಹತ್ತು ನಿಮಿಷದಲ್ಲಿ ಸವರಿದ್ದರ ನಷ್ಟ ನನ್ನ ಲೆಕ್ಕದ ಪುಸ್ತಕಕ್ಕೆ ಬರೋದು ಎರಡು ವರ್ಷ ಆದ್ಮೇಲೆ.

"ರಸ್ತೆ ಮೇಲೆ ಚಾಚಿದ ಗರಿ ರಸ್ತೆಯವರದ್ದು, ಕಡೀಬಹುದು" ಅಂತ ಸಂತೇಲಿ ಒಬ್ಬರು ಕಾನೂನು ಹೇಳಿದ್ರು. ಸರಿ, ಕಾನೂನೇ ಮಾತಾಡಣ. ಸಾಮಾನ್ಯ ಲಾರಿಯ ಎತ್ತರ 4 ಮೀಟರ್ ಒಳಗಿರಬೇಕು, ಅಗಲ 2.6 ಮೀಟರ್ ಮೀರಬಾರದು. ಕಂಟೇನರ್ ಗಾಡಿಗೆ ನಾಲ್ಕೂವರೆ ಮೀಟರ್ ಚಿಲ್ಲರೆ ಬಿಟ್ಟವ್ರೆ. ನನ್ನ ಗರಿ ಇದ್ದದ್ದು ಅದಕ್ಕಿಂತ ಮೇಲೆ. ನಮ್ಮಪ್ಪ ಆ ಸಸಿ ಇಟ್ಟ ಕಾಲದಿಂದ ಬಸ್ಸು ಹೋಯ್ತು, ಲಾರಿ ಹೋಯ್ತು, ಬೋರ್‌ವೆಲ್ ಗಾಡಿ ಹೋಯ್ತು, ಯಾರಿಗೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ವಿಶೇಷ ಅನುಮತಿ ಇಲ್ಲದೆ ರಸ್ತೆಗೇ ಇಳಿಯಬಾರದ ಒಂದು ಗಾಡಿಗೆ. ಆ ಅನುಮತಿ ಕೊಡೋರು ದಿಲ್ಲಿಯ ರಸ್ತೆ ಸಾರಿಗೆ ಸಚಿವಾಲಯದೋರು. ಸೇತುವೆ ತಡೀತದಾ ಅಂತ ನೋಡ್ತಾರೆ. ನೋಡಲಿ, ಒಳ್ಳೇದೇ. ಆದ್ರೆ ಆ ಅನುಮತಿ ಕೊಟ್ಟಿದ್ದು ರಸ್ತೆಯಲ್ಲಿ ಹೋಗೋಕೆ. ನನ್ನ ಗೊನೆ ಕಡಿಯೋಕೆ ಅಂತ ನಾನು ಓದಿಕೊಳ್ಳಲ್ಲ.

ಈಗ ನನಗೆ ಹೊಟ್ಟೆ ಉರಿಸಿದ ವಿಷಯಕ್ಕೆ ಬರ್ತೀನಿ. ಮೋಟಾರು ವಾಹನ ಕಾಯ್ದೆ 194ನೇ ಕಲಂ. 2019ರ ತಿದ್ದುಪಡಿ ಆದ್ಮೇಲೆ ಗಾಡಿಯ ಬಾಡಿಯಿಂದ ಪಕ್ಕಕ್ಕೋ, ಹಿಂದಕ್ಕೋ, ಎತ್ತರಕ್ಕೋ ಮಾಲು ಮಿತಿ ಮೀರಿ ಚಾಚಿದ್ರೆ 20,000 ರೂಪಾಯಿ ದಂಡ, ಜೊತೆಗೆ ಮಾಲು ಇಳಿಸೋ ಖರ್ಚೂ ನಿಮ್ದೇ ಅಂತ ಬರೆದವ್ರೆ. ಅದೇ ಕಲಮಿನ ಕೆಳಗೆ ಒಂದು ಸಾಲು: ಅಧಿಕಾರ ಇರೋರು ವಿನಾಯಿತಿ ಕೊಟ್ಟ ಗಾಡಿಗೆ ಇದು ಅನ್ವಯ ಆಗಲ್ಲ. ಅಂದ್ರೆ ಸುಗ್ಗೀಲಿ ನಾಲ್ಕು ಎಕರೆ ರಾಗಿ ಹುಲ್ಲು ತುಂಬಿ ದನಕ್ಕೆ ಅಂತ ಕಡೂರಿಂದ ತರೋ ಲಾರಿಗೆ 20,000. ಐದು ಮೀಟರ್ ಅಗಲದ ಟ್ಯಾಂಕಿಗೆ ಮುಂದೆ ಜೀಪು, ಹಿಂದೆ ಜೀಪು. ಹುಲ್ಲಿನ ಲಾರಿ ವೈರಿಗೆ ತಗುಲಿ ಹೊತ್ತಿ ಉರಿದ ಸುದ್ದಿ ವರ್ಷಾ ವರ್ಷಾ ಪೇಪರಲ್ಲಿ ಓದ್ತೀವಲ್ಲ, ಯಾವತ್ತಾದ್ರೂ ಹುಲ್ಲಿನ ಲಾರಿಗೆ ಅಂತ ಒಬ್ಬ ಲೈನ್‌ಮ್ಯಾನ್ ಕೋಲು ಹಿಡಿದು ವೈರು ಎತ್ತಿದ್ದು ಕಂಡಿದ್ದೀರಾ?

ವೈರಿನ ಲೆಕ್ಕವೂ ಹೇಳಿಬಿಡ್ತೀನಿ. ರಸ್ತೆಗೆ ಅಡ್ಡ ಹಾಯೋ ಎಲ್.ಟಿ. ವೈರು ಕಡಿಮೆ ಅಂದ್ರೂ 5.8 ಮೀಟರ್ ಎತ್ತರ ಇರಬೇಕು, 11 ಕೆ.ವಿ. ಲೈನು 6.1 ಮೀಟರ್. ಇದು ಹಳೇ ನಿಯಮ. ಐದು ಮೀಟರ್ ದಪ್ಪದ ಟ್ಯಾಂಕು ಒಂದು ಮೀಟರ್ ಎತ್ತರದ ಟ್ರೈಲರ್ ಮೇಲೆ ಕೂತ್ರೆ ಅಲ್ಲಿಗೇ ಆರು ಮೀಟರ್. ನಿಯಮದ ಪ್ರಕಾರ ಬಿಗಿಯಾಗಿದ್ದ ವೈರಿಗೇ ತಾಗೋ ಹಂಗೈತೆ, ಇನ್ನು ನಮ್ಮೂರಲ್ಲಿ ಕಂಬ ವಾಲಿ ಜೋತಾಡೋ ವೈರಿನ ಕತೆ ಕೇಳಬೇಡಿ. ಹಂಗಾಗಿ ಲೈನ್ ಆಫ್ ಮಾಡದೆ ಗತಿ ಇಲ್ಲ, ಅದು ಒಪ್ಪೋ ಮಾತು. ಯಾವ ರಾತ್ರಿ, ಎಷ್ಟು ಗಂಟೆ ಅಂತ ಮೊದಲೇ ಹೇಳಿ, ಆ ಪಾಳಿ ಮಾರನೇ ದಿನ ತುಂಬಿಕೊಡಿ ಅನ್ನೋದಷ್ಟೇ ನನ್ನ ತಕರಾರು. ಸರ್ಕಾರ ಪಂಪ್‌ಸೆಟ್ಟಿಗೆ ಏಳು ಗಂಟೆ ತ್ರೀಫೇಸ್ ಅಂತದೆ. ಆ ಏಳರಲ್ಲಿ ನಾಲ್ಕು ಟ್ಯಾಂಕಿಗೆ ಹೋದ್ರೆ ಕೊನೇ ಸಾಲಿನ ಗಿಡಕ್ಕೆ ನೀರು ಮುಟ್ಟಲ್ಲ.

ಇದು ಯಾವಾಗ್ಲೋ ಒಂದು ಸಲ ಅಂತ ಸುಮ್ನಿರೋಕೂ ಆಗಲ್ಲ. ಶಿರಾಡಿ ಮಳೆಗಾಲದಲ್ಲಿ ನಂಬೋ ಹಂಗಿಲ್ಲ. 2018ರಲ್ಲಿ ಕುಸೀತು, 2021ರಲ್ಲಿ, 2022ರಲ್ಲಿ ದೋಣಿಗಾಲ್ ಹತ್ರ ರಸ್ತೇನೆ ಜಾರ್ತು, 2024ರಲ್ಲಿ ಮತ್ತೆ. ಹಂಗಾಗಿ ಇಂಥ ದೊಡ್ಡ ಮಾಲು ಸಾಗಿಸೋರಿಗೆ ಅನುಕೂಲ ಮಳೆ ನಿಂತ ಮೇಲೆ, ಮುಂದಿನ ಮುಂಗಾರು ಹಿಡಿಯೋ ಒಳಗೆ. ಅದೇ ತಿಂಗಳುಗಳಲ್ಲಿ ನಮ್ಮ ರಾಗಿ ಕಣ, ಹುಲ್ಲು ಸಾಗಿಸೋದು, ಆಮೇಲೆ ತೆಂಗಿಗೆ ಬೇಸಿಗೆ ನೀರು. ಅವರ ಕಾಲವೂ ನಮ್ಮ ಕಾಲವೂ ಒಂದೇ, ರಸ್ತೆಯೂ ಒಂದೇ.

ಹಂಗಾದ್ರೆ ರೈಲಲ್ಲಿ ತರಬಹುದಲ್ಲ ಅಂತ ಕೇಳಿದ್ರಿ. ಅರಸೀಕೆರೆ ಜಂಕ್ಷನ್ ಇಟ್ಕೊಂಡು ನಾವು ಕೇಳದೇ ಇನ್ಯಾರು ಕೇಳ್ತಾರೆ. ಹಾಸನ–ಮಂಗಳೂರು ಲೈನು 1979ರಲ್ಲಿ ಮೀಟರ್ ಗೇಜಾಗಿ ಬಂತು, 1996ರಲ್ಲಿ ಬ್ರಾಡ್‌ಗೇಜ್ ಮಾಡೋಕೆ ಅಂತ ನಿಲ್ಲಿಸಿದ್ರು, 2006ರಲ್ಲಿ ಗೂಡ್ಸ್ ಶುರುವಾಯ್ತು. ಆದ್ರೆ ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ 57 ಸುರಂಗ. ರೈಲಿನ ಮಾಲು ಸುಮಾರು ಮೂರೂಕಾಲು ಮೀಟರ್ ಅಗಲ ದಾಟೋ ಹಂಗಿಲ್ಲ. ಐದು ಮೀಟರ್ ಟ್ಯಾಂಕು ಮೊದಲನೇ ಸುರಂಗದ ಬಾಯಲ್ಲೇ ಸಿಕ್ಕಿಕೊಳ್ತದೆ. ಆ ದಾರಿ ಮುಚ್ಚಿದಂಗೆ.

ಇನ್ನೊಂದು ದಾರಿ ಐತೆ, ಅದನ್ನ ಯಾರೂ ಕೇಳ್ತಿಲ್ಲ. ಇಡೀ ಟ್ಯಾಂಕೇ ಯಾಕೆ ಬರಬೇಕು? ಒಳಗೆ ಏನೈತೆ? ಗಾಳಿ. ಘಟ್ಟ ಹತ್ತಿಸಿ ನೂರಾರು ಕಿಲೋಮೀಟರ್ ಸಾಗಿಸ್ತಿರೋದು ಒಂದಿಷ್ಟು ತಗಡು, ಒಂದು ಟ್ಯಾಂಕಿನಷ್ಟು ಗಾಳಿ. ಕಾಳು ತುಂಬೋ ಸೈಲೋ ಎಲ್ಲಾ ಸಾಮಾನ್ಯವಾಗಿ ಬರೋದೇ ಬಿಡಿ ತಗಡಾಗಿ. ಅಲೆಅಲೆ ತಗಡನ್ನ ಕಟ್ಟು ಕಟ್ಟಿ ಮಾಮೂಲಿ ಲಾರೀಲಿ ತಂದು ಜಾಗದಲ್ಲೇ ಬೋಲ್ಟ್ ಹಾಕಿ ಎಬ್ಬಿಸ್ತಾರೆ. ಪಂಜಾಬಿನ ಮೋಗಾದಲ್ಲಿ 2 ಲಕ್ಷ ಟನ್ ಗೋಧಿ ಹಿಡಿಯೋ ಸೈಲೋಗಳವೆ, ಅಷ್ಟು ದೊಡ್ಡದನ್ನ ಯಾರೂ ಇಡಿಯಾಗಿ ಲಾರಿ ಮೇಲೆ ಹೊತ್ಕೊಂಡು ಹೋಗಲ್ಲ. (ನಮ್ಮ ಅಜ್ಜಂದಿರ ಹಗೇವಿಗೆ ಯಾವ ಬಂದರೂ ಬೇಕಿರಲಿಲ್ಲ, ಅದು ಬೇರೆ ಮಾತು.) ಎಲ್ಲಾ ಟ್ಯಾಂಕಿಗೂ ಇದು ಆಗಲ್ಲ, ಅದೂ ನಿಜ. ಒತ್ತಡ ತಡಿಯೋ ಪಾತ್ರೆ, ಬೀರು ಹುದುಗಿಸೋ ಸ್ಟೀಲ್ ಟ್ಯಾಂಕು, ಇಂಥವನ್ನ ಕಾರ್ಖಾನೇಲೇ ವೆಲ್ಡ್ ಮಾಡಿ, ಎಕ್ಸ್‌ರೇ ತೆಗೆದು, ಬೇಕಾದ ಕಡೆ ಕುಲುಮೇಲಿಟ್ಟು ಹದ ಮಾಡಬೇಕು. ಬಯಲಲ್ಲಿ ಅದು ಕಷ್ಟ. ಅಂಥದಕ್ಕೆ ರಸ್ತೆ ಬಿಡೋಣ. ಆದ್ರೆ ಬಿಡಿಯಾಗಿ ತರಬಹುದಾದ್ದನ್ನೂ ಇಡಿಯಾಗಿ ತರ್ತಾ ಇದ್ರೆ, ಅಲ್ಲಿ ಉಳಿಯೋ ವೆಲ್ಡಿಂಗ್ ಖರ್ಚನ್ನ ಇಲ್ಲಿ ನಾನು ಗೊನೆ ಕೊಟ್ಟು ತೀರಿಸ್ತಾ ಇದ್ದೀನಿ ಅಂತ ಅರ್ಥ. ಅನುಮತಿ ಅರ್ಜಿ ಬಂದಾಗ ಮೊದಲು ಕೇಳಬೇಕಾದ್ದು ಇದನ್ನ.

ಹೊರದೇಶದಲ್ಲಿ ಏನು ಮಾಡ್ತಾರೆ ಅಂದ್ರೆ, 2017ರಲ್ಲಿ ಅಮೆರಿಕದ ರಾಚೆಸ್ಟರಿನ ಒಂದು ಬೀರು ಕಾರ್ಖಾನೆಗೆ ಚೀನಾದಲ್ಲಿ ಮಾಡಿದ 12 ಟ್ಯಾಂಕು ಬೇಕಾಗಿತ್ತು. ಹೆದ್ದಾರೀಲಿ ಹಿಡಿಸಲ್ಲ ಅಂತ 1825ರ ಹಳೇ ಈರಿ ಕಾಲುವೇಲಿ ದೋಣಿ ಮೇಲೆ ತಂದ್ರು. ನಮಗೆ ಅಂಥ ಕಾಲುವೆ ಇಲ್ಲ. ನಮ್ಮಲ್ಲಿ ಏನಾಯ್ತು ಗೊತ್ತಲ್ಲ: ಬೆಂಗಳೂರಿನ ಈಜಿಪುರಕ್ಕೆ ತಮಿಳುನಾಡಿಂದ ವಿಗ್ರಹದ ಕಲ್ಲು ತಂದ್ರು, 240 ಚಕ್ರದ ಗಾಡಿ. 2018ರ ಕೊನೆಗೆ ಹೊರಟದ್ದು ಮುಟ್ಟಿದ್ದು 2019ರ ಜೂನಲ್ಲಿ. ದಾರೀಲಿ ಮನೆ, ಅಂಗಡಿ ಒಡೆದರು, ಸೇತುವೆ ತಡಿಯಲ್ಲ ಅಂತ ಹೊಳೆಗೇ ಮಣ್ಣು ಹಾಕಿ ದಾರಿ ಮಾಡಿದ್ರು. ಮಹಾರಾಷ್ಟ್ರದಿಂದ ತಿರುವನಂತಪುರದ ಬಾಹ್ಯಾಕಾಶ ಕೇಂದ್ರಕ್ಕೆ 2019ರ ಜುಲೈನಲ್ಲಿ ಹೊರಟ ಯಂತ್ರ ತಲುಪೋಕೆ ಒಂದು ವರ್ಷ ಹಿಡೀತು. ದೇಶಕ್ಕೆ ಬೇಕಾದ್ದು, ಬರಲಿ. 1902ರಲ್ಲಿ ಶುರುವಾದ ಶಿವನಸಮುದ್ರದ ಕರೆಂಟಿನ ಯಂತ್ರಗಳೂ ರೈಲಿಳಿದ ಮೇಲೆ ಎತ್ತು, ಆನೆ ಎಳೆದೇ ಬಂದದ್ದು.

ಫ್ಯಾಕ್ಟ್ರಿ ಬಂದ್ರೆ ನಮ್ಮ ಹುಡುಗರಿಗೇ ಕೆಲಸ, ನೀನ್ಯಾಕೆ ಅಡ್ಡಗಾಲು ಅಂತ ಒಬ್ಬ ತಮ್ಮ ಅಂದ. ಆ ಮೂರು ಟ್ಯಾಂಕಿಂದ ನಮ್ಮ ತಾಲ್ಲೂಕಿನ ಒಬ್ಬ ಹುಡುಗನಿಗೂ ಕೆಲಸ ಸಿಕ್ಕಿದ್ದು ನನಗೆ ಕಾಣ್ಲಿಲ್ಲ, ಅವು ದಾಟಿ ಹೋಗೋಕಷ್ಟೇ ಬಂದದ್ದು. ಇನ್ನು ಕೆಲವರು ರಸ್ತೆ ಹಾಳಾಯ್ತು ಅಂತ ಟ್ಯಾಂಕನ್ನೇ ಬೈತಾವ್ರೆ, ಅದು ತಪ್ಪು. ಆ ಟ್ರೈಲರಲ್ಲಿ ಭಾರ ಹತ್ತಾರು ಆಕ್ಸಲ್‌ಗೆ ಹಂಚಿ ಹೋಗಿರ್ತದೆ. ರಸ್ತೆ ಕಿತ್ತು ಹೋಗಿರೋದು ದಿನಾ ಓವರ್‌ಲೋಡ್ ಹೊಡಿಯೋ ಜಲ್ಲಿ, ಎಂ-ಸ್ಯಾಂಡ್ ಟಿಪ್ಪರಿಂದ. ಅದರ ಬಗ್ಗೆ ಬಾಯಿ ಬಿಡಲ್ಲ ಯಾಕೆ ಅಂದ್ರೆ ಟಿಪ್ಪರ್ ನಮ್ಮೂರವರದ್ದೇ!

ಈಗ ಮಾಡಬೇಕಾದ ಕೆಲಸ. ತಾಲ್ಲೂಕು ಕಚೇರಿಗೆ ಒಂದು ಮನವಿ ಬರೆದಿದ್ದೀನಿ. ಇಂಥ ಗಾಡಿ ಬರೋಕೆ ಹದಿನೈದು ದಿನ ಮುಂಚೆ ದಾರಿಯ ಎಲ್ಲಾ ಪಂಚಾಯ್ತಿ ಬೋರ್ಡಿಗೆ ದಿನ, ಸಮಯ, ಗುತ್ತಿಗೆದಾರರ ಫೋನು ಹಾಕಬೇಕು. ಜಮೀನಿನವರು ಎದುರಿಗಿಲ್ಲದೆ, ಮಹಜರು ಇಲ್ಲದೆ ಫಸಲಿನ ಮರಕ್ಕೆ ಮಚ್ಚು ಹಾಕಬಾರದು. ಹೋದ ಗೊನೆಗೆ ತೋಟಗಾರಿಕೆ ಇಲಾಖೆ ಲೆಕ್ಕದಲ್ಲಿ ದುಡ್ಡು, ಅದನ್ನ ಅನುಮತಿ ಕೊಡೋಕೆ ಮುಂಚೆನೇ ಠೇವಣಿ ಇಡಿಸಬೇಕು. ಹೋದ ತ್ರೀಫೇಸ್ ಪಾಳಿ ವಾಪಸ್ ಕೊಡಬೇಕು. ಸುಗ್ಗೀಲಿ ಹುಲ್ಲಿನ ಗಾಡಿ ಓಡೋ ರಸ್ತೆಗಳಲ್ಲಿ ಜೋತುಬಿದ್ದ ವೈರು ಮೊದಲು ಎಳೆಸಬೇಕು. ಇದೆಲ್ಲಾ ಆಗೋದಿಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಬರೆದು ಕೊಡಲಿ.

ಬರೋ ಸೋಮವಾರ ಬೆಳಗ್ಗೆ 11ಕ್ಕೆ ತಾಲ್ಲೂಕು ಕಚೇರಿ ಮುಂದೆ ಸೇರೋಣ. ಗರಿ ಕಡಿಸಿಕೊಂಡೋರು ಪಹಣಿ ಜೆರಾಕ್ಸು, ಮರದ ಫೋಟೋ ತನ್ನಿ. ಫೋಟೋದಲ್ಲಿ ರಸ್ತೆಯೂ ಕಾಣಲಿ, ಬುಡ ಯಾರ ಜಮೀನಲ್ಲೈತೆ ಅಂತ ಗೊತ್ತಾಗಬೇಕು. ಬಾಣಾವರ, ಜಾವಗಲ್ ಕಡೆಯಿಂದ ಬರೋರು ಮೊದಲೇ ಒಂದು ಫೋನ್ ಹಾಕಿ, ಸಹಿ ಹಾಳೆ ಎಷ್ಟು ತರಬೇಕು ಅಂತ ತಿಳೀತದೆ.